ಕದನವಿರಾಮದ ಮಕ್ಕಳು: ರಾಜಕೀಯ ಸಂಕಷ್ಟ ಮತ್ತು ಎಳೆಯ ಮನಸ್ಸು



ಯುವಜನರ ಯೋಗಕ್ಷೇಮಕ್ಕೆ ಸಂಬಂಧಿಸಿದ ವಿಷಯವೊಂದನ್ನು ವರ್ಷಕ್ಕೊಮ್ಮೆಯಾದರೂ ಹಿರಿಯರೂ ಕಿರಿಯರೂ ಒಟ್ಟಿಗೆ ಕುಳಿತು ಯೋಚಿಸಬೇಕು ಎಂಬ ಆಶಯ ಈ ದತ್ತಿ ಉಪನ್ಯಾಸದ ಹಿಂದಿದೆ.

ಒಂದು ನಾಡಿನ ರಾಜಕೀಯ ಕೆಟ್ಟಾಗ ಸತ್ತವರ ಲೆಕ್ಕ ಸಿಗುತ್ತದೆ, ಸುಟ್ಟ ಅಂಗಡಿಗಳ ಲೆಕ್ಕ ಸಿಗುತ್ತದೆ, ಹಂಚಿದ ಪರಿಹಾರದ ಲೆಕ್ಕವೂ ಸಿಗುತ್ತದೆ. ಆ ದಿನಗಳಲ್ಲಿ ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿದ್ದವರ ಮನಸ್ಸಿನಲ್ಲಿ ಏನು ಉಳಿಯಿತು ಎಂಬ ಲೆಕ್ಕ ಇಡುವವರು ಕಡಿಮೆ. ಇಂದಿನ ನನ್ನ ಮಾತು ಆ ಲೆಕ್ಕದ ಬಗ್ಗೆ.

ರಾಜಕೀಯ ಸಂಕಷ್ಟ ಎಂದಾಗ ಯುದ್ಧ, ಗಲಭೆ, ಕರ್ಫ್ಯೂ, ಬಂಧನ ಇವು ಕೂಡಲೇ ನೆನಪಾಗುತ್ತವೆ. ಹುಟ್ಟಿದ ಗುಂಪಿನ ಕಾರಣಕ್ಕೇ ಸಂಶಯಕ್ಕೆ ಗುರಿಯಾಗುವುದು, ಯಾವ ಬೀದಿಯಲ್ಲಿ ಹೋಗಬಾರದು ಎಂಬುದನ್ನು ಮಗ್ಗಿಯ ಜೊತೆಗೇ ಕಲಿಯಬೇಕಾಗಿ ಬರುವುದು, ದೊಡ್ಡವರ ಜಗಳಕ್ಕೆ ಶಾಲೆ ಬಾಗಿಲು ಮುಚ್ಚುವುದು, ಇವೂ ಅದರಲ್ಲಿ ಸೇರುತ್ತವೆ. ಇದೆಲ್ಲ ಎಳೆಯರಿಗೆ ಹೆಚ್ಚು ತಟ್ಟುವುದಕ್ಕೆ ಕಾರಣವಿದೆ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ, ಜೀವಮಾನದಲ್ಲಿ ಕಾಣಿಸಿಕೊಳ್ಳುವ ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು 14ನೇ ವಯಸ್ಸಿನೊಳಗೆ, ಮುಕ್ಕಾಲು ಪಾಲು 24ರೊಳಗೆ ಶುರುವಾಗುತ್ತವೆ. ಮನುಷ್ಯ ತನ್ನ ಬಗ್ಗೆ, ಲೋಕದ ಬಗ್ಗೆ, ನಾಳೆಯ ಬಗ್ಗೆ ಒಂದು ನಂಬಿಕೆ ಕಟ್ಟಿಕೊಳ್ಳುವ ವಯಸ್ಸೂ ಅದೇ.

ಈ ವಿಷಯವನ್ನು ಗಾಳಿಯಲ್ಲಿ ಮಾತಾಡುವುದು ಬೇಡವೆಂದು ಒಂದು ನಾಡನ್ನು ಆರಿಸಿಕೊಂಡಿದ್ದೇನೆ. ಅದು ಉತ್ತರ ಐರ್ಲೆಂಡ್. ಮೂವತ್ತು ವರ್ಷಗಳ ಹಿಂಸೆ, ಆಮೇಲೊಂದು ಶಾಂತಿ ಒಪ್ಪಂದ, ಒಪ್ಪಂದದ ನಂತರ ಕಾಲು ಶತಮಾನದ ಶ್ರದ್ಧೆಯ ಅಧ್ಯಯನ, ಈ ಮೂರೂ ಒಟ್ಟಿಗೆ ಸಿಗುವ ನಾಡುಗಳು ವಿರಳ. ಅಲ್ಲಿಂದ ನಾನು ಕಲಿತದ್ದನ್ನು ಮೊದಲೇ ಹೇಳಿಬಿಡುತ್ತೇನೆ: ರಾಜಕೀಯ ಮಾಡಿದ ಗಾಯ ಹಿಂಸೆ ನಿಂತ ದಿನ ಮಾಯುವುದಿಲ್ಲ, ಎಷ್ಟೋ ಸಲ ಅದು ಹೊರಗೆ ಕಾಣಿಸಿಕೊಳ್ಳುವುದೇ ಆಮೇಲೆ. ಊರೆಲ್ಲ ಸೇರಿ ಮಾಡಿದ ಗಾಯವನ್ನು ವೈದ್ಯರೊಬ್ಬರೇ ವಾಸಿ ಮಾಡಲಾರರು.

1. ನಾಡು ಮತ್ತು ಕಲಹ

ಉತ್ತರ ಐರ್ಲೆಂಡ್ ವಿಸ್ತೀರ್ಣದಲ್ಲಿ ನಮ್ಮ ಬೆಳಗಾವಿ ಜಿಲ್ಲೆಗಿಂತ ತುಸು ದೊಡ್ಡದು. ಈಗಿನ ಜನಸಂಖ್ಯೆ ಸುಮಾರು 19 ಲಕ್ಷ. 1921ರಲ್ಲಿ ಐರ್ಲೆಂಡ್ ಇಬ್ಭಾಗವಾದಾಗ ಈ ಭಾಗ ಬ್ರಿಟನ್ನಿನ ಜೊತೆ ಉಳಿಯಿತು. ಬ್ರಿಟನ್ನಿನಲ್ಲೇ ಇರಬೇಕು ಎನ್ನುವವರಲ್ಲಿ ಹೆಚ್ಚಿನವರು ಪ್ರಾಟೆಸ್ಟೆಂಟರು, ಐರ್ಲೆಂಡ್ ಒಂದಾಗಬೇಕು ಎನ್ನುವವರಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಮನೆ, ಉದ್ಯೋಗ, ಮತದಾನಗಳಲ್ಲಿ ಕ್ಯಾಥೊಲಿಕರ ವಿರುದ್ಧ ತಾರತಮ್ಯವಿದೆ ಎಂದು 1968ರಲ್ಲಿ ನಾಗರಿಕ ಹಕ್ಕುಗಳ ಮೆರವಣಿಗೆಗಳು ಹೊರಟವು. 1969ರ ಆಗಸ್ಟಿನಲ್ಲಿ ಬ್ರಿಟಿಷ್ ಸೈನ್ಯ ಬೀದಿಗಿಳಿಯಿತು. 1971ರಲ್ಲಿ ವಿಚಾರಣೆಯಿಲ್ಲದೆ ಜನರನ್ನು ಸೆರೆಯಲ್ಲಿಡುವುದು ಶುರುವಾಯಿತು. 1972ರ ಒಂದೇ ವರ್ಷದಲ್ಲಿ 470ಕ್ಕೂ ಹೆಚ್ಚು ಜನ ಸತ್ತರು. 1998ರ ಏಪ್ರಿಲ್ 10ರಂದು ಒಪ್ಪಂದವಾಗುವ ಹೊತ್ತಿಗೆ ಸತ್ತವರ ಸಂಖ್ಯೆ 3,500 ದಾಟಿತ್ತು. ಸತ್ತವರಲ್ಲಿ ಬಹುಪಾಲು ಗಂಡಸರು, ಅವರಲ್ಲೂ ತರುಣರೇ ಹೆಚ್ಚು.

ಸಾವಿನ ಈ ಸಂಖ್ಯೆಗಿಂತ ಮಕ್ಕಳನ್ನು ಹೆಚ್ಚಾಗಿ ಮುಟ್ಟಿದ್ದು ದಿನನಿತ್ಯದ ಬದುಕು. ಬೆಲ್‌ಫಾಸ್ಟ್ ಪೇಟೆಯಲ್ಲಿ ಅಂಗಡಿಗೆ ಹೋಗಬೇಕಾದರೆ ಚೀಲ ತೋರಿಸಬೇಕಾಗಿತ್ತು. ಎರಡು ಕಡೆಯವರ ಕೇರಿಗಳ ನಡುವೆ ಎತ್ತರದ ಗೋಡೆಗಳು ಎದ್ದವು. ಪೊಲೀಸನ ಮನೆಯಲ್ಲಿ ಸಮವಸ್ತ್ರವನ್ನು ಹೊರಗಿನ ಹಗ್ಗದ ಮೇಲೆ ಒಣಹಾಕುತ್ತಿರಲಿಲ್ಲ, ಯಾರಾದರೂ ಗುರುತು ಹಿಡಿದಾರೆಂಬ ಭಯ. ಅಪ್ಪ ಏನು ಕೆಲಸ ಮಾಡುತ್ತಾರೆ ಎಂದು ಶಾಲೆಯಲ್ಲಿ ಕೇಳಿದರೆ ಸುಳ್ಳು ಹೇಳಬೇಕೆಂದು ಆ ಮನೆಯ ಮಗುವಿಗೆ ಕಲಿಸಲಾಗುತ್ತಿತ್ತು. ಬೆಳಿಗ್ಗೆ ಕಾರು ಹತ್ತುವ ಮೊದಲು ಅಪ್ಪ ಬಗ್ಗಿ ಅದರ ಅಡಿಯಲ್ಲಿ ಬಾಂಬು ಇದೆಯೇ ಎಂದು ನೋಡುವುದನ್ನು ಮಕ್ಕಳು ಕಿಟಕಿಯಿಂದ ನೋಡುತ್ತಿದ್ದರು. ಕ್ಯಾಥೊಲಿಕರ ಕೇರಿಯಲ್ಲಿ ನಡುರಾತ್ರಿ ಸೈನಿಕರು ಬಾಗಿಲು ಒಡೆದು ಒಳನುಗ್ಗಿ, ಅಣ್ಣನನ್ನು ಎಳೆದೊಯ್ಯುವುದನ್ನು ಮಕ್ಕಳು ಹಾಸಿಗೆಯಿಂದಲೇ ಕಾಣುತ್ತಿದ್ದರು. ಹೊಸಬರು ಎದುರಾದರೆ ಹೆಸರು, ಓದಿದ ಶಾಲೆ, ಮಾತಿನ ಧಾಟಿ ಇವುಗಳಿಂದ ಅವರು ಯಾವ ಕಡೆಯವರೆಂದು ಅಳೆಯುವುದು ಎಂಟು ಹತ್ತು ವರ್ಷದವರಿಗೂ ಗೊತ್ತಿತ್ತು.

ಆದರೂ ಆ ಕಾಲದ ಸಂಶೋಧಕರು ನಿರೀಕ್ಷಿಸಿದಷ್ಟು ಕಾಯಿಲೆಯನ್ನು ಕಾಣಲಿಲ್ಲ. ಮನಶ್ಶಾಸ್ತ್ರಜ್ಞ ಎಡ್ ಕೇರ್ನ್ಸ್ 1987ರಲ್ಲಿ ಈ ಮಕ್ಕಳ ಕುರಿತು ಪುಸ್ತಕ ಬರೆದರು. ಹೆಚ್ಚಿನ ಮಕ್ಕಳು ಹೊರನೋಟಕ್ಕೆ ತಡೆದುಕೊಂಡಿದ್ದರು. ಪಕ್ಕದ ಬೀದಿಯಲ್ಲಿ ನಡೆದದ್ದನ್ನು ನಮ್ಮಲ್ಲಿ ಅಷ್ಟೇನಿಲ್ಲ ಎಂದು ದೂರ ತಳ್ಳುವ ಅಭ್ಯಾಸ ಜನರನ್ನು ಆ ಹೊತ್ತಿಗೆ ಕಾಪಾಡುತ್ತಿದೆ ಎಂದು ಅವರೂ ಅವರ ಸಂಗಡಿಗರೂ ಗುರುತಿಸಿದರು. ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1897ರಲ್ಲೇ ಹೇಳಿದ್ದ ಮಾತೊಂದಿದೆ: ದೊಡ್ಡ ರಾಜಕೀಯ ಕ್ಷೋಭೆಯ ಕಾಲದಲ್ಲಿ ಜನ ಒಟ್ಟುಗೂಡುತ್ತಾರೆ, ಆತ್ಮಹತ್ಯೆಗಳು ಕಡಿಮೆಯಾಗುತ್ತವೆ. ಹಿಂಸೆ ನಿಂತು ಬದುಕು ಸರಿಹೋದರೆ ಮನಸ್ಸೂ ಸರಿಹೋಗುತ್ತದೆ ಎಂದು ಎಲ್ಲರೂ ಭಾವಿಸುವಂತಿತ್ತು.

2. ಶಾಂತಿಯ ನಂತರ

ಹಾಗಾಗಲಿಲ್ಲ. 1990ರ ದಶಕದ ಕೊನೆಗೆ ವರ್ಷಕ್ಕೆ ನೂರೈವತ್ತರ ಆಸುಪಾಸಿನಲ್ಲಿದ್ದ ಆತ್ಮಹತ್ಯೆಗಳ ಸಂಖ್ಯೆ 2010ರಲ್ಲಿ 300 ದಾಟಿತು. 1999ರಿಂದ 2014ರ ಕೊನೆಯವರೆಗೆ ಹೀಗೆ ದಾಖಲಾದ ಸಾವುಗಳು 3,709. ಮೂವತ್ತು ವರ್ಷಗಳ ಗುಂಡು, ಬಾಂಬುಗಳಿಗೆ ಸತ್ತವರಿಗಿಂತ ಹದಿನಾರು ವರ್ಷಗಳ ಶಾಂತಿಯಲ್ಲಿ ತಾವಾಗಿ ಜೀವ ಕಳೆದುಕೊಂಡವರು ಹೆಚ್ಚು.

ಈ ಸಂಗತಿಯನ್ನು ಲೋಕಕ್ಕೆ ಮುಟ್ಟಿಸಿದವರಲ್ಲಿ ಲೈರಾ ಮೆಕ್‌ಕೀ ಮುಖ್ಯರು. 1990ರಲ್ಲಿ ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಪತ್ರಕರ್ತೆ. 1994ರಲ್ಲಿ ಎರಡೂ ಕಡೆಯ ಸಶಸ್ತ್ರ ಗುಂಪುಗಳು ಕದನವಿರಾಮ ಸಾರಿದಾಗ ಆಕೆಗೆ ಇನ್ನೂ ನಾಲ್ಕು ವರ್ಷ. ತನ್ನ ಪೀಳಿಗೆಯನ್ನು ಅವರು ಕದನವಿರಾಮದ ಮಕ್ಕಳು ಎಂದು ಕರೆದು, ಯುದ್ಧ ಕಾಣದ ಈ ಮಕ್ಕಳು ಏಕೆ ಸಾಯುತ್ತಿದ್ದಾರೆ ಎಂದು 2016ರಲ್ಲಿ ದೀರ್ಘ ಲೇಖನ ಬರೆದರು. ಮೂರು ವರ್ಷದ ನಂತರ, 2019ರ ಏಪ್ರಿಲ್ 18ರ ರಾತ್ರಿ, ಡೆರಿ ನಗರದ ಕ್ರೆಗನ್ ಬಡಾವಣೆಯಲ್ಲಿ ಗಲಭೆಯನ್ನು ನೋಡುತ್ತ ನಿಂತಿದ್ದಾಗ ಒಪ್ಪಂದ ಒಪ್ಪದ ಸಶಸ್ತ್ರ ಗುಂಪೊಂದರ ಗುಂಡು ತಗುಲಿ ತೀರಿಕೊಂಡರು. ಅವರಿಗೆ 29 ವರ್ಷ.

ಕ್ವೀನ್ಸ್ ವಿಶ್ವವಿದ್ಯಾಲಯದ ಮೈಕ್ ಟಾಮ್ಲಿನ್ಸನ್ 2012ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು. ಆತ್ಮಹತ್ಯೆ ಅತಿ ಹೆಚ್ಚಾಗಿಯೂ ಅತಿ ವೇಗವಾಗಿಯೂ ಏರಿದ್ದು 1970ರ ದಶಕದ ಭೀಕರ ವರ್ಷಗಳಲ್ಲಿ ಮಕ್ಕಳಾಗಿದ್ದವರಲ್ಲಿ. ಆಗ ತಡೆದುಕೊಂಡಂತೆ ಕಂಡಿದ್ದ ಮಕ್ಕಳೇ ಇವರು. ನಡುವಯಸ್ಸಿಗೆ ಬಂದ ಮೇಲೆ, ಬೀದಿ ಶಾಂತವಾದ ಮೇಲೆ, ಅವರು ಕುಸಿದರು. ಅಲ್ಸ್ಟರ್ ವಿಶ್ವವಿದ್ಯಾಲಯ 2004ರಿಂದ 2008ರ ನಡುವೆ ನಾಲ್ಕು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಮಾತಾಡಿಸಿ ನಡೆಸಿದ ಸಮೀಕ್ಷೆಯಲ್ಲಿ ಶೇ. 39 ಮಂದಿ ಕಲಹಕ್ಕೆ ಸಂಬಂಧಿಸಿದ ಆಘಾತವೊಂದನ್ನು ಅನುಭವಿಸಿದ್ದರು. ಆಘಾತೋತ್ತರ ಒತ್ತಡದ ಕಾಯಿಲೆ ಜೀವಮಾನದಲ್ಲಿ ಒಮ್ಮೆಯಾದರೂ ಬಂದವರು ಶೇ. 8.8. ಅದೇ ಮಾದರಿಯ ಸಮೀಕ್ಷೆ ನಡೆದ ದೇಶಗಳಲ್ಲೆಲ್ಲ ಇದೇ ಅತಿ ಹೆಚ್ಚು. 2020ರಲ್ಲಿ ಪ್ರಕಟವಾದ ಮಕ್ಕಳ ಸಮೀಕ್ಷೆಯಲ್ಲಿ ಎಂಟರಲ್ಲಿ ಒಬ್ಬರಿಗೆ ಆತಂಕ ಅಥವಾ ಖಿನ್ನತೆಯ ತೊಂದರೆ ಕಂಡಿತು. ಈ ಮಕ್ಕಳೆಲ್ಲ ಒಪ್ಪಂದದ ನಂತರ ಹುಟ್ಟಿದವರು.

ಇಲ್ಲೊಂದು ಎಚ್ಚರಿಕೆ ಬೇಕು. ಸಾವುಗಳನ್ನು ದಾಖಲಿಸುವ ಕ್ರಮ ಈ ಅವಧಿಯಲ್ಲಿ ಬದಲಾಗಿದೆ. ಬಡತನ, ಮಾದಕವಸ್ತು, ನಿರುದ್ಯೋಗಗಳೂ ತಮ್ಮ ಪಾಲು ಸೇರಿಸಿವೆ. ಯಾವ ಆತ್ಮಹತ್ಯೆಗೂ ಒಂದೇ ಕಾರಣ ಇರುವುದಿಲ್ಲ. ಏರಿಕೆಯೆಲ್ಲ ಕಲಹದ್ದೇ ಎಂದು ಯಾರೂ ಹೇಳಬಾರದು. ಕಲಹದ ಪಾಲನ್ನು ಅಲ್ಲಗಳೆಯಲೂ ಆಗದು.

3. ಗಾಯ ದಾಟಿ ಬರುವ ದಾರಿಗಳು

ಕಾಣದ ಕದನ ಎಳೆಯರನ್ನು ಹೇಗೆ ಮುಟ್ಟುತ್ತದೆ? ನನಗೆ ಕಂಡಂತೆ ನಾಲ್ಕು ದಾರಿಗಳಿವೆ.

ಮೊದಲನೆಯದು, ಅರ್ಥ ಕಳೆದುಹೋಗುವುದು. ಮನಶ್ಶಾಸ್ತ್ರಜ್ಞೆ ಓರ್ಲಾ ಮಲ್ಡೂನ್ ಮತ್ತು ಸಂಗಡಿಗರು 2007ರಲ್ಲಿ ಗಮನಿಸಿದಂತೆ, ತಮ್ಮ ಸಮುದಾಯದ ಗುರುತನ್ನು ಗಟ್ಟಿಯಾಗಿ ಹಿಡಿದುಕೊಂಡವರಲ್ಲಿ ಆಘಾತದ ಲಕ್ಷಣಗಳು ಕಡಿಮೆಯಿದ್ದವು. ನಮ್ಮವರಿಗಾಗಿ ಸಹಿಸುತ್ತಿದ್ದೇವೆ ಎಂಬ ಭಾವನೆ ನೋವಿಗೆ ಆಸರೆ ಕೊಡುತ್ತದೆ. ಹೋರಾಟ ಮುಗಿದು, ಅದರ ನಾಯಕರು ಎದುರಾಳಿಗಳ ಜೊತೆ ಸರ್ಕಾರ ನಡೆಸತೊಡಗಿದ ಮೇಲೆ ಆ ಆಸರೆ ಸಡಿಲವಾಯಿತು. ಶಾಂತಿ ಒಳ್ಳೆಯದೇ. ಆದರೆ ನೋವು ಉಂಡವರಿಗೆ, ಅವರ ಮಕ್ಕಳಿಗೆ, ಆ ನೋವು ಯಾತಕ್ಕೆ ಎಂದು ಹೇಳುವವರು ಯಾರೂ ಉಳಿಯಲಿಲ್ಲ.

ಎರಡನೆಯದು, ಮೌನ. ಕಲಹದ ಕಾಲದಲ್ಲಿ ಬಾಯಿ ಮುಚ್ಚಿಕೊಂಡಿದ್ದವರು ಬದುಕಿದರು. ಶಾಂತಿ ಬಂದರೂ ಆ ಬಾಯಿ ತೆರೆಯಲಿಲ್ಲ. ದಕ್ಷಿಣ ಆಫ್ರಿಕದಲ್ಲಿ ನಡೆದಂತಹ ಸತ್ಯ ಆಯೋಗ ಅಲ್ಲಿ ನಡೆಯಲಿಲ್ಲ. ಸಾವಿರಕ್ಕೂ ಹೆಚ್ಚು ಕೊಲೆಗಳಲ್ಲಿ ಕೊಂದವರು ಯಾರೆಂದು ಇಂದಿಗೂ ನ್ಯಾಯಾಲಯ ಹೇಳಿಲ್ಲ. 2023ರಲ್ಲಿ ಬ್ರಿಟಿಷ್ ಸಂಸತ್ತು ಹಳೆಯ ಪ್ರಕರಣಗಳ ವಿಚಾರಣೆಗೆ ತೆರೆ ಎಳೆಯುವ ಕಾನೂನು ತಂದಾಗ, ಯಾವ ವಿಷಯದಲ್ಲೂ ಒಂದಾಗದ ಅಲ್ಲಿನ ಪ್ರಮುಖ ಪಕ್ಷಗಳೆಲ್ಲ ಒಂದಾಗಿ ವಿರೋಧಿಸಿದವು. ತನ್ನ ತಾತನನ್ನು ಕೊಂದವರು ಯಾರೆಂದು ಕೇಳಿದರೆ ಮನೆಯವರೆಲ್ಲ ಮಾತು ಬದಲಿಸುವುದನ್ನು ಕಂಡು ಬೆಳೆದ ಮಗು, ತನ್ನ ನೋವನ್ನೂ ಹೇಳಬಾರದು ಎಂದು ಕಲಿಯುತ್ತದೆ.

ಮೂರನೆಯದು, ತಂದೆತಾಯಿ. ಹಗಲು ಗಟ್ಟಿಯಾಗಿದ್ದು ರಾತ್ರಿ ಬೆಚ್ಚಿ ಏಳುವ ಅಪ್ಪ, ನಿದ್ದೆಗುಳಿಗೆ ಇಲ್ಲದೆ ಮಲಗಲಾರದ ಅಮ್ಮ, ಕುಡಿತದಲ್ಲಿ ನೆನಪು ಮುಳುಗಿಸಲು ಹೋಗುವ ಚಿಕ್ಕಪ್ಪ, ಇವರ ನಡುವೆ ಬೆಳೆಯುವ ಮಗು ಯುದ್ಧವನ್ನು ಕಾಣದೆಯೂ ಅದರ ಜೊತೆಗೆ ಬಾಳುತ್ತದೆ. ಸಂತ್ರಸ್ತರಿಗಾಗಿ ಅಲ್ಲಿ ಸ್ಥಾಪಿತವಾದ ಆಯೋಗಕ್ಕೆ ಅಲ್ಸ್ಟರ್ ವಿಶ್ವವಿದ್ಯಾಲಯದ ಶಿವಾನ್ ಓನೀಲ್ ಮತ್ತು ಸಂಗಡಿಗರು 2015ರಲ್ಲಿ ಕೊಟ್ಟ ವರದಿ ಈ ತಲೆಮಾರಿನಿಂದ ತಲೆಮಾರಿಗೆ ದಾಟುವ ನೋವನ್ನೇ ಕುರಿತದ್ದು. ಇಲ್ಲಿ ತಂದೆತಾಯಿಯರನ್ನು ದೂರಬಾರದು. ಅವರಿಗೆ ಸಿಗಬೇಕಾಗಿದ್ದ ಚಿಕಿತ್ಸೆ ಸಿಗದ್ದರಿಂದ ಅವರ ಹೊರೆ ಮಕ್ಕಳ ಹೆಗಲಿಗೆ ಜಾರಿತು.

ನಾಲ್ಕನೆಯದು, ಜಾಗ. ಅತಿ ಹೆಚ್ಚು ಹಿಂಸೆ ಕಂಡ ಉತ್ತರ ಮತ್ತು ಪಶ್ಚಿಮ ಬೆಲ್‌ಫಾಸ್ಟಿನ ಕೇರಿಗಳೇ ಇಂದಿಗೂ ಅತಿ ಬಡ ಕೇರಿಗಳು. ಒಪ್ಪಂದದ ನಂತರ ನಗರದ ನಡುವೆ ಗಾಜಿನ ಕಟ್ಟಡಗಳು ಎದ್ದವು, ಈ ಕೇರಿಗಳ ಹುಡುಗರಿಗೆ ಅಲ್ಲಿ ಕೆಲಸ ಸಿಗಲಿಲ್ಲ. ಕಾನೂನು ಕೈಗೆತ್ತಿಕೊಂಡ ಗುಂಪುಗಳು ಸಣ್ಣ ಕಳ್ಳತನಕ್ಕೂ ಹುಡುಗರ ಕಾಲಿಗೆ ಗುಂಡು ಹೊಡೆಯುವ ಶಿಕ್ಷೆ ಒಪ್ಪಂದದ ನಂತರವೂ ಪೂರ್ತಿ ನಿಲ್ಲಲಿಲ್ಲ. ಬಹುತೇಕ ಗೋಡೆಗಳೂ ಹಾಗೇ ನಿಂತಿವೆ. ಬ್ರೆಕ್ಸಿಟ್ ನಂತರದ ಸಿಟ್ಟು 2021ರ ಏಪ್ರಿಲ್‌ನಲ್ಲಿ ಗಲಭೆಯಾಗಿ ಸಿಡಿದಾಗ, ಪೆಟ್ರೋಲ್ ಬಾಂಬು ಎಸೆದವರಲ್ಲಿ ಹನ್ನೆರಡು ಹದಿಮೂರರ ಹುಡುಗರಿದ್ದರು. ಹಿಂದೆ ನಿಂತು ಚಪ್ಪಾಳೆ ತಟ್ಟಿದವರು ದೊಡ್ಡವರು.

4. ಕೈಹಿಡಿದದ್ದು, ಕೈಬಿಟ್ಟದ್ದು

ಇಷ್ಟು ಕತ್ತಲೆಯಲ್ಲೂ ಅಲ್ಲಿನ ಜನ ಮಾಡಿ ತೋರಿಸಿದ್ದು ಕಡಿಮೆಯೇನಲ್ಲ. 1998ರ ಆಗಸ್ಟ್ 15ರಂದು ಒಮಾ ಪಟ್ಟಣದಲ್ಲಿ ಬಾಂಬು ಸಿಡಿದು 29 ಜನ ಸತ್ತರು, ಒಬ್ಬ ಗರ್ಭಿಣಿಯ ಹೊಟ್ಟೆಯಲ್ಲಿದ್ದ ಅವಳಿ ಮಕ್ಕಳೂ ಹೋದವು. ಆ ಪಟ್ಟಣದಲ್ಲೇ ಆಘಾತ ಚಿಕಿತ್ಸೆಯ ಕೇಂದ್ರ ತೆರೆದು, ಸ್ಥಳೀಯ ಆರೋಗ್ಯ ಸಿಬ್ಬಂದಿಗೆ ಅರಿವಿನ ಚಿಕಿತ್ಸೆಯಲ್ಲಿ (ಕಾಗ್ನಿಟಿವ್ ಥೆರಪಿ) ತರಬೇತಿ ಕೊಟ್ಟರು. ಬಂದವರಲ್ಲಿ ಹೆಚ್ಚಿನವರು ಗಣನೀಯವಾಗಿ ಚೇತರಿಸಿಕೊಂಡರು ಎಂದು 2002ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆಘಾತ ವಾಸಿಯಾಗುತ್ತದೆ, ಮನೆಯ ಹತ್ತಿರವೇ ಸಹಾಯ ಸಿಕ್ಕರೆ.

ಉತ್ತರ ಬೆಲ್‌ಫಾಸ್ಟಿನಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರು ಸರ್ಕಾರಕ್ಕೆ ಕಾಯದೆ ತಾವೇ ಸಹಾಯ ಕೇಂದ್ರಗಳನ್ನು ಕಟ್ಟಿದರು. ಅವರ ಒತ್ತಾಯದಿಂದ 2006ರಲ್ಲಿ ಆತ್ಮಹತ್ಯೆ ತಡೆಯುವ ಸರ್ಕಾರಿ ಕಾರ್ಯಯೋಜನೆ ಬಂತು. ಇನ್ನು ಕೆಲವು ತಂದೆತಾಯಿಯರು 1981ರಲ್ಲಿ, ಕಲಹ ಉರಿಯುತ್ತಿರುವಾಗಲೇ, ಎರಡೂ ಕಡೆಯ ಮಕ್ಕಳನ್ನು ಒಟ್ಟಿಗೆ ಕೂರಿಸುವ ಲಗನ್ ಕಾಲೇಜ್ ಎಂಬ ಶಾಲೆ ತೆರೆದರು. ಮೊದಲ ವರ್ಷ 28 ಮಕ್ಕಳು. ಅಂತಹ ಶಾಲೆಗಳು ಈಗ ಎಪ್ಪತ್ತಾದರೂ ಇವೆ. ಅಲ್ಲಿನ ಹತ್ತರಲ್ಲಿ ಒಂಬತ್ತು ಮಕ್ಕಳು ಇಂದಿಗೂ ಬೇರೆಬೇರೆಯಾಗಿಯೇ ಓದುತ್ತಾರೆ ಎಂಬುದೂ ನಿಜ.

ಕೈಬಿಟ್ಟದ್ದು ರಾಜಕೀಯವೇ. 2020ರಲ್ಲಿ ಶಿವಾನ್ ಓನೀಲ್ ಅವರನ್ನು ಮಾನಸಿಕ ಆರೋಗ್ಯದ ಪರವಾಗಿ ಮಾತಾಡುವ ಅಧಿಕೃತ ಹುದ್ದೆಗೆ ನೇಮಿಸಲಾಯಿತು. 2021ರಲ್ಲಿ ಹತ್ತು ವರ್ಷಗಳ ಮಾನಸಿಕ ಆರೋಗ್ಯ ಯೋಜನೆ ಸಿದ್ಧವಾಯಿತು. ಆದರೆ 2017ರಿಂದ 2020ರವರೆಗೆ, ಮತ್ತೆ 2022ರಿಂದ 2024ರವರೆಗೆ, ಪಕ್ಷಗಳ ಜಗಳದಿಂದ ಅಲ್ಲಿ ಸರ್ಕಾರವೇ ನಡೆಯಲಿಲ್ಲ. ಹೊಸ ಯೋಜನೆಗೆ ಹಣ ಕೊಡಬೇಕಾದ ಖುರ್ಚಿ ಖಾಲಿಯಿತ್ತು. ರಾಜಕೀಯ ಮಾಡಿದ ಗಾಯಕ್ಕೆ ರಾಜಕೀಯವೇ ಮದ್ದು ತಪ್ಪಿಸಿತು.

5. ನಮ್ಮ ಕಡೆಗೆ

ಇದೆಲ್ಲ ದೂರದ ಕಥೆ ಎಂದು ನಾವು ಸುಮ್ಮನಿರಲಾಗದು. ಗಡಿಗಳಾಚೆಯ ವೈದ್ಯರ ಸಂಸ್ಥೆ 2015ರಲ್ಲಿ ಕಾಶ್ಮೀರ ಕಣಿವೆಯಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ. 45ರಷ್ಟು ವಯಸ್ಕರಲ್ಲಿ ಮಾನಸಿಕ ಸಂಕಟದ ಲಕ್ಷಣಗಳು ಕಂಡವು. ಅದೇ ಕಣಿವೆಯಿಂದ 1990ರಲ್ಲಿ ಮನೆ ಬಿಟ್ಟು ಬಂದ ಪಂಡಿತ ಕುಟುಂಬಗಳ ಮಕ್ಕಳು ಶಿಬಿರಗಳಲ್ಲಿ ಬೆಳೆದರು. 2019ರ ಆಗಸ್ಟಿನಿಂದ ಸುಮಾರು ಹದಿನೆಂಟು ತಿಂಗಳು ಕಣಿವೆಯಲ್ಲಿ 4ಜಿ ಸೌಲಭ್ಯ ಇರಲಿಲ್ಲ. ಕೊರೋನಾ ಕಾಲದಲ್ಲಿ ದೇಶದ ಮಕ್ಕಳೆಲ್ಲ ಫೋನಿನಲ್ಲಿ ಪಾಠ ಕೇಳುವಾಗ ಅಲ್ಲಿನ ಮಕ್ಕಳಿಗೆ ಅದೂ ಸರಿಯಾಗಿ ದಕ್ಕಲಿಲ್ಲ. 2023ರ ಮೇ 3ರಂದು ಎರಡು ಸಮುದಾಯಗಳ ನಡುವಿನ ಹಿಂಸೆಗೆ ಮಣಿಪುರ ಹೊತ್ತಿ ಉರಿದಾಗ ಸುಮಾರು ಅರವತ್ತು ಸಾವಿರ ಜನ ಮನೆಮಠ ಕಳೆದುಕೊಂಡರು. ಆ ಎರಡೂ ಸಮುದಾಯಗಳ ವಿದ್ಯಾರ್ಥಿಗಳು ಬೆಂಗಳೂರಿನಲ್ಲಿದ್ದಾರೆ. ಊರಿನ ಸುದ್ದಿಗಾಗಿ ಫೋನು ಹಿಡಿದು ಕುಳಿತವರು ನಮ್ಮ ತರಗತಿಗಳ ಬೆಂಚುಗಳಲ್ಲೇ ಇದ್ದರು.

ನಮ್ಮ ರಾಜ್ಯವೂ ಇದರಿಂದ ಹೊರತಲ್ಲ. 2012ರ ಆಗಸ್ಟಿನಲ್ಲಿ ತಮ್ಮ ಮೇಲೆ ದಾಳಿ ನಡೆಯುತ್ತದೆ ಎಂಬ ವದಂತಿಗೆ ಬೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರು ಬೆಂಗಳೂರಿನಿಂದ ವಿಶೇಷ ರೈಲುಗಳಲ್ಲಿ ಗುವಾಹಟಿಗೆ ಹೊರಟರು. ಅವರಲ್ಲಿ ಎಷ್ಟೋ ಜನ ವಾಪಸು ಬಂದರು. ಬಂದವರು ಮೊದಲಿನಷ್ಟೇ ನೆಮ್ಮದಿಯಿಂದ ಬಸ್ಸು ಹತ್ತಿದರೇ ಎಂದು ಕೇಳಿದವರು ಕಡಿಮೆ. 2022ರ ಫೆಬ್ರವರಿಯಲ್ಲಿ ಸಮವಸ್ತ್ರ ಮತ್ತು ಹಿಜಾಬಿನ ವಿವಾದ ಭುಗಿಲೆದ್ದು ರಾಜ್ಯದ ಪ್ರೌಢಶಾಲೆ, ಕಾಲೇಜುಗಳಿಗೆ ರಜೆ ಸಾರಬೇಕಾಯಿತು. ಮಾರ್ಚ್ 15ರಂದು ಹೈಕೋರ್ಟ್ ತೀರ್ಪು ಬಂತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಕಾನೂನಿನ ಪ್ರಶ್ನೆಯಲ್ಲಿ ನಿಮ್ಮ ನಿಲುವು ಏನೇ ಇರಲಿ, ಕ್ಯಾಮೆರಾಗಳ ಎದುರು ಕಾಲೇಜಿನ ಗೇಟಿನಲ್ಲಿ ನಿಂತವರು ಹದಿನಾರು ಹದಿನೇಳರ ಮಕ್ಕಳು. ಒಂದೇ ಬೆಂಚಿನಲ್ಲಿ ಬುತ್ತಿ ಹಂಚಿಕೊಂಡವರು ಎದುರುಬದುರು ಗುಂಪಾಗಿ ನಿಂತು ಘೋಷಣೆ ಕೂಗಿದರು. ಪರೀಕ್ಷೆ ಬಿಟ್ಟವರೂ ಇದ್ದರು. ಆ ಎರಡೂ ಗುಂಪುಗಳ ಮಕ್ಕಳ ಮನಸ್ಸನ್ನು ವಿಚಾರಿಸುವ ಜವಾಬ್ದಾರಿ ದೊಡ್ಡವರಾದ ನಮ್ಮದು.

ನಮ್ಮಲ್ಲಿ ಸಾಧನಗಳಿಲ್ಲದೆ ಇಲ್ಲ. 2002ರ ಗುಜರಾತ್ ಹಿಂಸೆಯ ನಂತರ ಬೆಂಗಳೂರಿನ ನಿಮ್ಹಾನ್ಸ್ ತಂಡ ಅಲ್ಲಿಗೆ ಹೋಗಿ, ಸಂತ್ರಸ್ತರ ನಡುವಿನಿಂದಲೇ ಬಂದ ಕಾರ್ಯಕರ್ತರಿಗೆ ನೊಂದವರ ಮಾತು ಕೇಳುವ, ಆಸರೆ ಕೊಡುವ ತರಬೇತಿ ನೀಡಿತು. ನಿಮ್ಹಾನ್ಸ್ ಮುನ್ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17ರ ವಯಸ್ಸಿನವರಲ್ಲಿ ಶೇ. 7.3 ಮಂದಿಗೆ ಮಾನಸಿಕ ತೊಂದರೆ ಇದೆ ಎಂದು ಹೇಳಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ, ಕನ್ನಡದಲ್ಲೂ, ಹಣವಿಲ್ಲದೆ ಮಾತಾಡಬಹುದು.

ಈ ಸಾಧನಗಳ ಜೊತೆಗೆ ನಾಲ್ಕು ಕೆಲಸಗಳು ಆಗಬೇಕು. ಗಲಭೆಯೋ ವಿವಾದವೋ ನಡೆದ ಊರಿನಲ್ಲಿ ಶಾಲೆ ಕಾಲೇಜುಗಳನ್ನು ಕೊನೆಗೆ ಮುಚ್ಚಿ ಮೊದಲು ತೆರೆಯಬೇಕು, ಏಕೆಂದರೆ ಮಕ್ಕಳಿಗೆ ದಿನಚರಿಯೇ ಮೊದಲ ಮದ್ದು. ಶಾಂತಿಸಭೆಗೆ ಹಿರಿಯ ಮುಖಂಡರನ್ನು ಕರೆಯುವ ಜಿಲ್ಲಾಡಳಿತ, ಆ ಊರಿನ ಹೈಸ್ಕೂಲಿಗೆ ಆಪ್ತಸಮಾಲೋಚಕರನ್ನೂ ಕಳಿಸಬೇಕು, ಒಂದು ದಿನದ ಶಿಬಿರಕ್ಕಲ್ಲ, ವರ್ಷಗಟ್ಟಲೆ. ಹಿಂಸೆ ಕಂಡ ಊರುಗಳ ಮಕ್ಕಳ ಯೋಗಕ್ಷೇಮವನ್ನು ನಮ್ಮ ವಿಶ್ವವಿದ್ಯಾಲಯಗಳು ಇಪ್ಪತ್ತು ವರ್ಷವಾದರೂ ಬೆನ್ನುಹತ್ತಿ ಅಧ್ಯಯನ ಮಾಡಬೇಕು, ಗಾಯ ತಡವಾಗಿ ಕಾಣಿಸಿಕೊಳ್ಳುತ್ತದೆ ಎಂದು ಉತ್ತರ ಐರ್ಲೆಂಡ್ ನಮಗೆ ಹೇಳಿಕೊಟ್ಟಿದೆ. ಕೊನೆಯದಾಗಿ, ನಡೆದದ್ದನ್ನು ನಡೆದಂತೆ ಹೇಳಬೇಕು. ತಪ್ಪು ಮಾಡಿದವರಿಗೆ ಶಿಕ್ಷೆಯಾಗದ ಊರಿನಲ್ಲಿ ಮಕ್ಕಳಿಗೆ ಧೈರ್ಯ ತುಂಬುವ ಮಾತು ಪೊಳ್ಳಾಗುತ್ತದೆ.

ಕಿರಿಯರಿಗೆ ಎರಡು ಮಾತು. ನಾಡಿನ ಜಗಳ ನಿಮ್ಮ ನಿದ್ದೆ ಕೆಡಿಸಿದರೆ ಅದು ನಿಮ್ಮ ದೌರ್ಬಲ್ಯ ಅಲ್ಲ. ನಿಮಗೆ ಸರಿಕಂಡದ್ದರ ಪರವಾಗಿ ನಿಲ್ಲಿ, ಆದರೆ ಒಂಟಿಯಾಗಿ ನೋಯಬೇಡಿ. ಅಮ್ಮನಿಗೆ, ಅಕ್ಕನಿಗೆ, ಮೇಷ್ಟ್ರಿಗೆ, ಯಾರಿಗಾದರೂ ಹೇಳಿ. ಯಾರೂ ಇಲ್ಲವೆನಿಸಿದರೆ 14416ಕ್ಕೆ ಕರೆ ಮಾಡಿ.

ಹಿರಿಯರಲ್ಲಿ, ವಿಶೇಷವಾಗಿ ಯಾವುದೇ ಪಕ್ಷದ ವೇದಿಕೆಯಲ್ಲಿ ಮಾತಾಡುವವರಲ್ಲಿ, ಒಂದೇ ಬೇಡಿಕೆ. ನಿಮ್ಮ ಜಗಳವನ್ನು ನೀವೇ ಮಾಡಿ, ಮಕ್ಕಳನ್ನು ಮುಂದೆ ನಿಲ್ಲಿಸಬೇಡಿ. ಇವತ್ತು ಅವರ ಕೈಗೆ ಕೊಟ್ಟ ಕಲ್ಲಿನ ಭಾರವನ್ನು ಅವರು ನಲವತ್ತರ ವಯಸ್ಸಿನಲ್ಲೂ ಹೊರಬೇಕಾಗುತ್ತದೆ.